ಹಳೆಯ ಯಾನ್ಬುವಿನ ಮೂರು ಬಾಗಿಲು

ಸೌದಿಯ ಯಾನ್ಬು ಬಂದರಿನ ಹಳೆಯ ಓಣಿಯಲ್ಲಿ ಮೊಬೈಲಿನ ಆಡಿಯೊ ಗೈಡ್ ಒಂದೊಂದು ಮನೆಯ ಮುಂದೆಯೂ ಒಬ್ಬೊಬ್ಬ ವರ್ತಕನ ಕಥೆ ಹೇಳುತ್ತಿತ್ತು. ಜೊತೆಗಿದ್ದ ಡ್ರೈವರ್, ಉಳ್ಳಾಲದ ಹಮೀದಾಕ, ತಮ್ಮ ಕಿವಿಯ ಇಯರ್‌ಫೋನ್ ತೆಗೆದು ನನ್ನ ಕೈಗಿತ್ತರು.

"ಕೆಲಸಕ್ಕೆ ಬಂದ ಹೊಸತರಲ್ಲಿ ನಾವು ಏಳು ಜನ ಇಲ್ಲೇ ಒಂದು ಕೋಣೆಯಲ್ಲಿ ಮಲಗ್ತಿದ್ದದ್ದು. ಇದಕ್ಕೆ ಎಂತ ಗೊತ್ತುಂಟು ಮಾರಾಯ?"

ನಾಡಿದ್ದು ಅವರು ಕೆಲಸ ಮುಗಿಸಿ ಊರಿಗೇ ಮರಳುತ್ತಾರೆ. ಅಪ್ಪನ ಮೊದಲ ಕೋಣೆಯ ವಿಡಿಯೊ ಬೇಕೆಂದು ಮಗಳು ಕೇಳಿದ್ದಾಳೆ. ಆ ಕೋಣೆ ಇದ್ದದ್ದು ಇಲ್ಲಿನ ಮೂರು ಬಾಗಿಲುಗಳಲ್ಲಿ ಒಂದರ ಹಿಂದೆ; ದುರಸ್ತಿಯಾಗಿ ಈಗ ಮೂರೂ ಒಂದೇ ಥರ ಇವೆ, ಯಾವುದೆಂದು ಅವರಿಗೇ ಗುರುತು ಸಿಗುತ್ತಿಲ್ಲ.

"ಯಾವುದಾದರೂ ಒಂದು ತೋರಿಸಿ. ಅವಳಿಗೇನು ಗೊತ್ತಾಗುತ್ತೆ?" ಎಂದೆ.

"ಅವಳ ಮೊದಲ ಅಳು ಊರಿಂದ ಕ್ಯಾಸೆಟ್‌ನಲ್ಲಿ ಬಂದದ್ದು ಆ ಕೋಣೆಗೆ. ಸುಳ್ಳು ಹೇಳ್ಲಿಕ್ಕೆ ಆಗ್ತದಾ?"

ಪ್ರತಿ ಹೊಸ್ತಿಲ ಮುಂದೆಯೂ ಚಪ್ಪಲಿ ಬಿಟ್ಟು ನಿಂತು, "ಇದಿರಬಹುದು ಮಗಳೇ" ಎಂದು ಮೂರು ಸಲ ಹೇಳಿ, ಮೂರು ವಿಡಿಯೊಗಳನ್ನೂ ಅವಳಿಗೆ ಕಳಿಸಿದರು.