ಬಲಗಡೆ ಮೇಲಿನ ಮೂಲೆ

ನನ್ನ ಹೆಂಡತಿಯ ಜೊತೆ ಅಂಗಡಿಗೆ ಹೋಗುವುದೆಂದರೆ ತಲೆನೋವು. ಸೋಪು ತರಲು ಹೋದವಳು ಶಾಂಪೂ ಬಾಟಲಿ ಹಿಡಿದು ಜಗಳಕ್ಕೆ ನಿಲ್ಲುತ್ತಾಳೆ. "ತಲೆಗೆ ನೀರು ಹಾಕ್ಕೊಂಡು ನಿಂತೋರು ಈ ಇರುವೆ ಗಾತ್ರದ ಅಕ್ಷರ ಓದ್ತಾರೇನ್ರೀ? ಇದನ್ನ ಮಾಡಿದವನಿಗೆ ಕೂದಲೇ ಇಲ್ಲ ಅನ್ಸತ್ತೆ!" ಅಂಗಡಿಯವನು ನನ್ನ ಬೋಳು ತಲೆ ನೋಡಿ ನಗುತ್ತಾನೆ.

ಅವಳ ಕೆಲಸವೇ ಡಿಸೈನು. ಬೇಕರಿಗೆ ಲೋಗೋ, ಔಷಧಿಗೆ ಪೊಟ್ಟಣ, ಬ್ಯಾಂಕಿಗೆ ಆಪ್, ಏನೇ ಬರಲಿ, ಅವಳದು ಒಂದೇ ಪ್ರಶ್ನೆ: "ಇದನ್ನ ಬಳಸೋರು ಎಲ್ಲಿ ತಡವರಿಸ್ತಾರೆ?" ಚಂದ ಆಮೇಲೆ. ಅವಳ ತಮ್ಮ, ಲಿಫ್ಟ್ ರಿಪೇರಿ ಮಾಡುತ್ತಿದ್ದ ನನ್ನ ಬಾಮೈದ, ಅವಳನ್ನು ಡಿಸೈನಮ್ಮ ಎಂದು ರೇಗಿಸುತ್ತಿದ್ದ.

ಅತ್ತೆಯ ಕಣ್ಣು ಪೂರ್ತಿ ಮಂಜಾದಾಗ ಇವಳು ಅವರ ಫೋನಿನಲ್ಲಿದ್ದುದನ್ನೆಲ್ಲ ಕಿತ್ತುಹಾಕಿ ನಾಲ್ಕು ಮೂಲೆ ಮಾತ್ರ ಉಳಿಸಿದಳು. ಮೂಲೆಯನ್ನು ಹೆಬ್ಬೆರಳೇ ಹುಡುಕಿಕೊಳ್ಳುತ್ತದೆ. ಬಲಗಡೆ ಮೇಲೆ ಮಗ, ಎಡಗಡೆ ಮಗಳು, ಕೆಳಗೆ ನಾನು, ಡಾಕ್ಟರು. ಮಧ್ಯಾಹ್ನವಾದರೆ ಸಾಕು, ಅತ್ತೆ ಬಲ ಮೂಲೆ ಒತ್ತಿ "ಊಟ ಆಯ್ತೇನೋ?" ಎನ್ನುತ್ತಿದ್ದರು.

ಒಂದು ದಿನ ಬಾಮೈದ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಸಾಯುವ ವಯಸ್ಸೇ ಅದು?

ಗಿರಾಕಿಗಳಿಗೆ ವಿಷಯ ತಿಳಿಸಲೆಂದು ಅವನ ಫೋನನ್ನು ನಮ್ಮ ಮನೆಯಲ್ಲಿಟ್ಟುಕೊಂಡಿದ್ದೆವು. ಮಧ್ಯಾಹ್ನ ಅದರಲ್ಲಿ 'ಅಮ್ಮ' ಎಂದು ಮೂಡತೊಡಗಿತು. ಎತ್ತುವ ಧೈರ್ಯ ಇಬ್ಬರಿಗೂ ಬರಲಿಲ್ಲ.

"ಪಾಪ, ಕೈ ಅಭ್ಯಾಸಬಲದಿಂದ ಅಲ್ಲಿಗೇ ಹೋಗತ್ತೆ. ಒತ್ತಿದ್ರೆ ಯಾರೂ ಎತ್ತಲ್ಲ ಅಂದ್ರೆ ಅದಕ್ಕಿಂತ ಕೆಟ್ಟ ಡಿಸೈನ್ ಇದೆಯಾ?" ಎಂದು ಅತ್ತಳು ಇವಳು. ಅಮ್ಮನ ಮನೆಗೆ ಹೋಗಿ, ಅವರನ್ನು ಒಂದು ಮಾತೂ ಕೇಳದೆ ಅವರ ಫೋನಿನ ಆ ಮೂಲೆಯನ್ನು ತನ್ನ ನಂಬರಿಗೆ ತಿರುಗಿಸಿದಳು. ಮರುದಿನ ಮೊದಲ ರಿಂಗಿಗೇ ಎತ್ತಿ "ಹೇಳಮ್ಮಾ" ಎಂದಳು. ಆ ಕಡೆ ಫೋನ್ ಕಟ್ಟಾಯಿತು. ಆಮೇಲೆ ಅತ್ತೆ ಫೋನ್ ಮುಟ್ಟುವುದನ್ನೇ ಬಿಟ್ಟರು. ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾರೆ, ತುತ್ತು ಇಳಿಯುತ್ತಿಲ್ಲ ಎಂದು ಅವರ ಜೊತೆಯಲ್ಲಿದ್ದ ಬಾಮೈದನ ಹೆಂಡತಿ ಹೇಳಿದಳು.

ನಾವಿಬ್ಬರೂ ಓಡಿದೆವು. ಹೆಂಡತಿ ಅಮ್ಮನ ಮಂಡಿ ಹಿಡಿದು ಕೂತಳು. "ಎಲ್ಲಿ ತಪ್ಪಾಯ್ತಮ್ಮಾ? ಕೈಗೆ ಸಿಕ್ತಾ ಇಲ್ವಾ?"

"ಸಿಗತ್ತೆ ಕಣೇ. ಅವನಿಲ್ಲ ಅನ್ನೋದು ನಂಗೆ ಗೊತ್ತಿಲ್ವಾ? ನಾನೇನು ಹುಚ್ಚೀನಾ?" ಎಂದರು ಅತ್ತೆ. "ಇದ್ದಾಗ್ಲೂ ಆ ಕತ್ತೆ ಮೊದಲ ಸಲಕ್ಕೆ ಎಲ್ಲಿ ಎತ್ತಿದ್ದ? ಲಿಫ್ಟಿನ ಕೆಳಗಿನ ಗುಂಡೀಲಿ ಇದಾನೆ, ಕೈ ಮಸಿಯಾಗಿದೆ ಅಂತ ಸುಮ್ನಾಗ್ತಿದ್ದೆ. ಈಗ್ಲೂ ರಿಂಗ್ ಆಗೋಷ್ಟು ಹೊತ್ತು ಹಾಗೇ ಅಂದ್ಕೋತಿದ್ದೆ. ನೀನು ಎತ್ತಿ ಮಾತಾಡಿದ ಕೂಡ್ಲೇ ಅವನು ಸತ್ತೋಗ್ತಾನೆ."

ಇವಳು ಅಲ್ಲೇ ಕೂತು ಆ ಮೂಲೆಯನ್ನು ತಮ್ಮನ ನಂಬರಿಗೇ ಹಿಂತಿರುಗಿಸಿದಳು.

ಈಗ ಅವನ ಫೋನಿಗೆ ತಪ್ಪದೆ ಚಾರ್ಜ್ ಹಾಕುವವಳು ಇವಳೇ. ಮಧ್ಯಾಹ್ನ ಅದು ಬಡಿದುಕೊಳ್ಳತೊಡಗಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ಅದು ತಾನಾಗಿ ನಿಲ್ಲುವವರೆಗೆ ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ಅದರ ಮುಂದೆ ನಿಲ್ಲುತ್ತಾಳೆ.