ಭಾವನ ಬಲಗೈ

ಆ ಶನಿವಾರ ಗಾಳಕ್ಕೆ ಮೊದಲು ಸಿಕ್ಕಿದ್ದು ಬಾಮೈದ.

ಬಂದರಿನ ಕಲ್ಲುಕಟ್ಟೆಯ ಮೇಲೆ ಬೆಳಗಿನಿಂದಲೇ ಗಾಳ ಬಿಟ್ಟುಕೊಂಡು ಕೂತವರ ಸಾಲಿತ್ತು. ಅವರೆಲ್ಲರ ಕಣ್ಣಿಗೆ ಬೀಳುವಂಥ ಜಾಗವನ್ನೇ ಹುಡುಕಿ ನಿಂತ ಬಾಮೈದ, ಕೋಲನ್ನು ಹೆಗಲ ಹಿಂದಕ್ಕೆ ಒಯ್ದು, ಹುಟ್ಟಿದಾಗಿನಿಂದ ಇದೇ ಕಸುಬು ಎನ್ನುವಂತೆ ಬೀಸಿದ. ದಾರ ಸಮುದ್ರದ ಕಡೆ ಹೋಗಲೇ ಇಲ್ಲ. ಸಿಗಡಿ ಚುಚ್ಚಿದ ಕೊಕ್ಕೆ ಅವನ ಪ್ಯಾಂಟಿನ ಹಿಂಬದಿಗೆ, ಮನುಷ್ಯ ಕೂರುವುದಕ್ಕೆಂದು ಇಟ್ಟುಕೊಂಡಿರುವ ಜಾಗಕ್ಕೇ ಸರಿಯಾಗಿ, ಕಚ್ಚಿಕೊಂಡಿತು. ಹೌಹಾರಿ ಕೋಲನ್ನು ಇನ್ನೊಮ್ಮೆ ಜಗ್ಗಿದ. ಕೊಕ್ಕೆ ಇನ್ನಷ್ಟು ಒಳಗೆ ಹೋಯಿತು.

"ಎಳೀಬೇಡಪ್ಪಾ, ದೊಡ್ಡದೇ ಬಿದ್ದಿರೋ ಹಾಗಿದೆ!" ಎಂದು ಕತ್ತರಿ ಕೂಗಿದ. ಕತ್ತರಿ ಎಂದರೆ ಭಾವನ ಬಾಲ್ಯದ ಗೆಳೆಯ, ಬಂದರು ರಸ್ತೆಯಲ್ಲಿ ಸಲೂನು ಇಟ್ಟವನು. ಕಟ್ಟೆಗೆ ಕಟ್ಟೆಯೇ ನಕ್ಕಿತು.

ಭಾವ ಮಾತ್ರ ನಗಲಿಲ್ಲ. ಹಿಂದೆ ಬಂದು ಮಂಡಿಯೂರಿ, "ಅಲ್ಲಾಡ್ಬೇಡ" ಎಂದು ಕೊಕ್ಕೆಗೆ ಕೈ ಹಾಕಿದರು. ಬಾಮೈದ ಅಲ್ಲಾಡಲಿಲ್ಲ. ಉಸಿರನ್ನು ಕೂಡ ಬಿಗಿಹಿಡಿದು ನಿಂತಿದ್ದ. ಆದರೂ ಕೊಕ್ಕೆ, ಲೋಟದ ಕೆಳಗೆ ಸಿಕ್ಕಿಬಿದ್ದ ನೊಣದ ಹಾಗೆ, ಪಟಪಟನೆ ಬಡಿದುಕೊಳ್ಳುತ್ತಿತ್ತು. ಅಷ್ಟರಲ್ಲಿ ಕತ್ತರಿ, "ಸರ್ಕೊಳ್ಳೋ ಗಡಿಯಾರ, ಹಿಂದುಗಡೆ ಕೆಲಸ ಯಾವತ್ತಿದ್ರೂ ನಂದು" ಎಂದು ಭಾವನನ್ನು ಪಕ್ಕಕ್ಕೆ ಒತ್ತಿ, ಒಂದೇ ತಿರುವಿಗೆ ಕೊಕ್ಕೆ ಬಿಡಿಸಿದ.

ಬಾಮೈದ ಅಲ್ಲಿಗೆ ಬಂದದ್ದೇ ಆ ಕೈಯನ್ನು ನೋಡುವುದಕ್ಕೆ. ಆದರೆ ಸಾಕ್ಷಿ ಇಂಥ ಜಾಗದಲ್ಲಿ ಸಿಗುತ್ತದೆಂದು ಕಳಿಸಿದ ಅಕ್ಕನೂ ಎಣಿಸಿರಲಿಲ್ಲ.

ಭಾವ ಗಡಿಯಾರ ರಿಪೇರಿಯವರು. ಜೆರಾಕ್ಸ್ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವರ ಅಂಗಡಿ. ಒಳಗೆ ಒಬ್ಬರು ಕೂರಬಹುದು, ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ಜೆರಾಕ್ಸ್ ಅಂಗಡಿ ಬಾಮೈದನದು. ಹಾಗಾಗಿ ಒಂದು ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಭಾವನನ್ನು ಅವನು ನಿತ್ಯ ನೋಡಿದವನು. ಸೀನು ಬಂದರೂ ಕೆಲಸ ಮುಗಿಯುವವರೆಗೆ ತಡೆದುಕೊಂಡು, ಆಮೇಲೆ ಎದ್ದು ರಸ್ತೆಗೆ ಹೋಗಿ ಸೀನಿ ಬರುವ ಆಸಾಮಿ. ಆ ಬಲಗೈಗೆ ಹೋದ ವರ್ಷ ಅದೇನಾಯಿತೋ, ಸಣ್ಣ ಸಣ್ಣ ತಿರುಪುಗಳು ಚಿಮಟದಿಂದ ಹಾರತೊಡಗಿದವು. "ಈಗಿನ ತಿರುಪು ಸರಿ ಇಲ್ಲ" ಅಂದರು ಭಾವ. ಆಮೇಲೆ ಹೆಂಗಸರ ಕೈಗಡಿಯಾರ ತೆಗೆದುಕೊಳ್ಳುವುದು ನಿಲ್ಲಿಸಿದರು. ಈಗ ಗೋಡೆ ಗಡಿಯಾರ ಮಾತ್ರ, ಅದರಲ್ಲೂ ಹೆಚ್ಚಾಗಿ ಬ್ಯಾಟರಿ ಬದಲಿಸುವುದು. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಅಕ್ಕ ಕಾಫಿಯನ್ನು ಅರ್ಧ ಲೋಟ ಮಾತ್ರ ತುಂಬಿಸಿ ಕೊಡುತ್ತಿದ್ದಳು. ಯಾಕೆ ಅರ್ಧ ಎಂದು ಭಾವ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಉಳಿದದ್ದು ದೋಣಿ. ಎಂಜಿನ್ ಕೂರಿಸಿದ ಸಣ್ಣ ಫೈಬರ್ ದೋಣಿ. ಭಾನುವಾರ ಬಂತೆಂದರೆ ಭಾವ, ಕತ್ತರಿ ಮತ್ತು ನಿವೃತ್ತ ಬಸ್ ಡ್ರೈವರ್ ಅದರಲ್ಲಿ ದಡ ಕಾಣದಷ್ಟು ದೂರ ಹೋಗಿ ಮೀನು ಹಿಡಿಯುತ್ತಿದ್ದರು. ದೋಣಿಯನ್ನು ತಿರುಗಿಸುವ ಎಂಜಿನ್ ಹಿಡಿ ಭಾವನ ಕೈಲಿ. ಅಕ್ಕನಿಗೆ ನಿದ್ದೆ ಕೆಡಿಸಿದ್ದು ಅದೇ.

"ನಾನು ಕೇಳಿದ್ರೆ ಏನೂ ಇಲ್ಲ ಅಂತಾರೆ. ಅವರ ಸ್ನೇಹಿತರನ್ನ ಕೇಳಿದ್ರೆ ಕಳ್ಳರ ಸಾಕ್ಷಿಗೆ ಕಳ್ಳರು," ಎಂದಿದ್ದಳು ಅಕ್ಕ. "ನೀನು ಎರಡು ದಿನ ಜೊತೆಗಿದ್ದು ನೋಡ್ಕೊಂಡ್ ಬಾ. ನೀನು ಪರವಾಗಿಲ್ಲ ಅಂದ್ರೆ ನಾನು ಬಾಯಿ ಬಿಡಲ್ಲ. ಆಗಲ್ಲ ಅಂದ್ರೆ ದೋಣಿ ಮಾರೋದೆ."

ಹೀಗೆ, ಈಜು ಬಾರದ, ಸ್ನಾನದ ಕೋಣೆಯಲ್ಲೇ ಜಾರಿ ಬೀಳುವ ಮನುಷ್ಯನೊಬ್ಬ ಸಮುದ್ರದ ವಿಷಯದಲ್ಲಿ ನ್ಯಾಯಾಧೀಶನಾದ.

ಕಟ್ಟೆಯ ಮೇಲೆ ಒಂದೇ ಬದಿಗೆ ಭಾರ ಹಾಕಿ ಕೂತ ಬಾಮೈದನ ಪಕ್ಕ ಭಾವ ಬಂದು ಕೂತರು. ಬಲಗೈ ಅಂಗಿಯ ಜೇಬಿನಲ್ಲಿತ್ತು.

"ನಿಮ್ಮಕ್ಕ ಕಳಿಸಿದ್ದಾ?"

"ಛೇ, ಇಲ್ಲ ಭಾವ. ನಂಗೇ ಆಸೆ ಆಯ್ತು."

"ಮೀನು ಹಿಡಿಯೋಕೆ ಬಂದೋನು ನೀರು ನೋಡ್ತಾನೆ. ನೀನು ಬೆಳಗಿಂದ ನನ್ನ ಜೇಬು ನೋಡ್ತಿದೀಯ."

ಬಾಮೈದ ತಕ್ಷಣ ನೀರು ನೋಡತೊಡಗಿದ. ಯಾರೋ ಹೇಳಿಕೊಟ್ಟು ಕಳಿಸಿದಂತೆ ಡ್ರೈವರ್ ಬಂದು, ಎಂಜಿನ್ ಸದ್ದಿಗೆ ಮಂದವಾದ ಕಿವಿಯವರು ಮಾತಾಡುವ ಜೋರುದನಿಯಲ್ಲಿ, "ನಾಳೆ ಬರ್ತೀಯೇನಪ್ಪಾ, ಇಲ್ಲಾ ಇವತ್ತಿಗೇ ಸಾಕಾಯ್ತಾ?" ಎಂದು ಕೇಳಿದ. ಆ ಪ್ರಶ್ನೆ ಕೇಳಿಸಿದ್ದು ಇಡೀ ಬಂದರಿಗೆ. ಬರುವುದಿಲ್ಲ ಎನ್ನುವ ಹಾಗಿರಲಿಲ್ಲ.

ಭಾನುವಾರ ಸಮುದ್ರ ಎಣ್ಣೆ ಸುರಿದಂತೆ ನುಣ್ಣಗಿತ್ತು. ಭಾವ ಎಂಜಿನ್ ಹಿಡಿಯನ್ನು ಎಡಗೈಯಲ್ಲಿ ಹಿಡಿದು ದೋಣಿ ನಡೆಸಿದರು. ಬಲಗೈ ಮತ್ತೆ ಜೇಬಿನಲ್ಲಿ. ದಡ ಮೊದಲು ಗೆರೆಯಾಯಿತು, ಆಮೇಲೆ ಅದೂ ಅಳಿಸಿಹೋಯಿತು. ನೀರಿನ ಕೆಳಗೆ ಬಂಡೆಸಾಲಿರುವ ಜಾಗಕ್ಕೆ ಬಂದಾಗ ಎಂಜಿನ್ ಆರಿಸಿದರು. ಬಂಡೆಯ ಸಂದಿಗಳಲ್ಲಿ ದೊಡ್ಡ ಮೀನು ಇರುತ್ತವಂತೆ. ದೋಣಿ ಅಲ್ಲೇ ನಿಲ್ಲಬೇಕಾದರೆ ಲಂಗರು ಬಿಡಬೇಕು.

ಲಂಗರಿನ ಹಗ್ಗವನ್ನು ಕಟ್ಟುವುದು ದೋಣಿಯ ಮೂತಿಗೆ. ಮೂತಿ ಚೂಪಾಗಿ ಎತ್ತರಕ್ಕಿರುತ್ತದೆ. ಅಲೆ ಎದುರಿನಿಂದ ಬಂದರೆ ಅದನ್ನು ಸೀಳಿಕೊಂಡು ಏಳುತ್ತದೆ. ಪ್ರತಿ ವಾರ ಭಾವನೇ ಒದ್ದೆ ಹಲಗೆಯ ಮೇಲೆ ಅಂಗೈ ಊರಿ, ತೆವಳಿಕೊಂಡು ಮುಂದೆ ಹೋಗಿ ಗಂಟು ಹಾಕಿ ಬರುತ್ತಿದ್ದರಂತೆ. ಅದು ದೋಣಿಯ ಯಜಮಾನನ ಕೆಲಸ. ಈ ಸಲ ಅವರು ಎದ್ದರು, ಮೂತಿಯ ಕಡೆ ನೋಡಿದರು, ಆಮೇಲೆ ಬಾಮೈದನ ಕಡೆ ನೋಡಿದರು. ಬಾಮೈದ ಆ ಹೊತ್ತಿಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಜೇಬನ್ನೇ ನೋಡುತ್ತಿದ್ದ.

"ಸಮುದ್ರ ತಣ್ಣಗಿದೆ. ಇಲ್ಲೇ ಹಿಂದೆ ಕಟ್ಟೋಣ," ಅಂದರು ಭಾವ.

"ಹಿಂದೇನಾ?" ಕತ್ತರಿಯ ಹುಬ್ಬು ಮೇಲೆ ಹೋಯಿತು. "ಬೇಕಾದ್ರೆ ನಾನು ಮುಂದೆ ಹೋಗ್ತೀನಿ ಬಿಡೋ."

"ಯಾರೂ ಹೋಗೋದು ಬೇಡ. ದೋಣಿ ಯಾರ್ದು?"

ಲಂಗರು ಗುಳುಂ ಎಂದು ಇಳಿಯಿತು. ಹಗ್ಗ ಎಂಜಿನ್ ಪಕ್ಕದ ಗೂಟಕ್ಕೆ ಬಿತ್ತು. ದೋಣಿಯ ಅತಿ ತಗ್ಗಿನ, ಅತಿ ಭಾರದ ಬದಿ ಅಲೆ ಬರುವ ದಿಕ್ಕಿಗೆ ಮುಖ ಮಾಡಿ ನಿಂತಿತು.

ಮೀನು ಕಚ್ಚತೊಡಗಿದ ಮೇಲೆ ಇದು ಯಾರಿಗೂ ನೆನಪಿರಲಿಲ್ಲ. ಡ್ರೈವರ್ ಒಂದು ಹಿಡಿದ, ಕತ್ತರಿ ಎರಡು ಹಿಡಿದ. ಬಾಮೈದನ ಕೋಲೂ ಒಮ್ಮೆ ಬಿಲ್ಲಿನ ಹಾಗೆ ಬಾಗಿತು, ಅವನು "ಅಯ್ಯಯ್ಯೋ, ಎಳೀತಿದೆ, ನನ್ನನ್ನೇ ಎಳೀತಿದೆ!" ಎಂದು ಕೂಗಾಡಿದ. ಮೀನು ದಾರ ಕಡಿದುಕೊಂಡು ಹೋಯಿತು. "ನಿನ್ನ ರುಚಿ ನೋಡಿದೆ, ಹಿಡಿಸಿಲ್ಲ," ಎಂದ ಕತ್ತರಿ. ಎಲ್ಲರೂ ನಗುತ್ತಿದ್ದಾಗಲೇ ಗಾಳಿ ತಿರುಗಿತು.

ಮೊದಲ ಅಲೆ ಹಿಂಬದಿಯ ಅಂಚನ್ನು ಮುಟ್ಟಿ ನೋಡಿಕೊಂಡು ಹೋಯಿತು. ಎರಡನೆಯದು ಒಳಗೇ ಬಂತು. ಬಾಮೈದನ ಬೂಟು ತುಂಬಿ, ಸಿಗಡಿಯ ಡಬ್ಬಿ ತೇಲತೊಡಗಿತು.

"ಹಗ್ಗ ಬಿಚ್ಚು!" ಎಂದರು ಭಾವ.

ಕತ್ತರಿ ಗಂಟಿಗೆ ಕೈ ಹಾಕಿದ. ಒದ್ದೆಯಾಗಿ, ಬಿಗಿದು, ಗಂಟು ಕಲ್ಲಾಗಿತ್ತು. ಕೆಳಗೆ ಲಂಗರು ಬಂಡೆಗೆ ಸಿಕ್ಕಿಕೊಂಡಿತ್ತು. ಪ್ರತಿ ಅಲೆ ದೋಣಿಯನ್ನು ಎತ್ತಲು ನೋಡಿದರೆ ಹಗ್ಗ ಎಳೆದು ಕೂರಿಸುತ್ತಿತ್ತು. ಕೂತ ಕಡೆ ನೀರು ನುಗ್ಗುತ್ತಿತ್ತು. ಡ್ರೈವರ್ ಎಂಜಿನ್ ದಾರ ಜಗ್ಗಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು.

ಭಾವ ಸೀಟಿನ ಕೆಳಗಿನಿಂದ ಚಾಕು ತೆಗೆದರು. ಬಲಗೈ ಜೇಬಿನಿಂದ ಹೊರಗೆ ಬಂತು. ಎರಡು ದಿನದಿಂದ ಬಾಮೈದ ಕಾದದ್ದು ಇದಕ್ಕೇ. ಈಗ ಕಣ್ಣು ಮುಚ್ಚಿಕೊಳ್ಳೋಣ ಅನ್ನಿಸಿತು. ಚಾಕುವಿನ ತುದಿ ಹಗ್ಗದ ಆ ಕಡೆ ಈ ಕಡೆ ಕುಣಿಯಿತೇ ಹೊರತು ಹಗ್ಗದ ಮೇಲೆ ಕೂರಲಿಲ್ಲ. ಭಾವ ಎಡಗೈಯಿಂದ ಬಲಮಣಿಕಟ್ಟನ್ನು ಹಿಡಿದು ಒತ್ತಿದರು. ದೋಣಿ ಹೊರಳಿತು. ಚಾಕು ಒಂದು ಸಲ ಬಿಸಿಲಿಗೆ ಮಿಂಚಿ ನೀರಿಗೆ ಹೋಯಿತು.

ಖಾಲಿ ಕೈಯನ್ನು ಭಾವ ಒಂದು ಕ್ಷಣ ನೋಡಿದರು, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ. ಮತ್ತೊಂದು ಅಲೆ ಮಂಡಿಯವರೆಗೆ ನೀರು ತಂದಿತು.

"ಕತ್ತರಿ, ಗಾಳದ ದಾರ ಕತ್ತರಿಸೋದು ನಿನ್ ಹತ್ರ ಇದೆಯಲ್ಲ, ಅದ್ರಲ್ಲೇ ಕತ್ತರಿಸು," ಎಂದರು ಭಾವ. ದನಿ ಮಾತ್ರ ನಡುಗಲಿಲ್ಲ. "ಡ್ರೈವರ್, ಎಂಜಿನ್ ನಿಂದು. ನಾನೂ ಬಾಮೈದನೂ ಮುಂದೆ. ಭಾರ ಮುಂದೆ ಹೋಗ್ಲಿ."

ಸಣ್ಣ ಕತ್ತರಿ, ಹೆಬ್ಬೆರಳು ದಪ್ಪದ ಹಗ್ಗ. ಕತ್ತರಿ ಎಳೆ ಎಳೆಯಾಗಿ ಕಡಿಯತೊಡಗಿದ. "ಬೇಗ ಮಾಡೋ, ಮದುವೆ ಗಂಡಿಗಾ ಮಾಡ್ತಿದೀಯ!" ಎಂದು ಡ್ರೈವರ್ ಅರಚಿದ. "ಬೇಗ ಅಂದ್ರೆ ಕಿವಿ ಹೋಗತ್ತೆ," ಎಂದ ಕತ್ತರಿ, ತಲೆ ಎತ್ತದೆ. ಬಾಮೈದ ಮುಂದೆ ಕೂತು ಬಕೆಟ್ಟಿನಲ್ಲಿ ನೀರನ್ನು ಹೊರಗೆ ಎರಚುತ್ತಿದ್ದ. ಎರಚಿದ್ದರಲ್ಲಿ ಅರ್ಧ ಗಾಳಿಗೆ ಮರಳಿ ಅವನ ಮುಖಕ್ಕೇ ಬರುತ್ತಿತ್ತು. ಹಿಂಬದಿಯ ಅಂಚು ನೀರಿಗೆ ಸಮನಾಗಿತ್ತು. ಇನ್ನೊಂದು ಅಲೆ ಬಂದರೆ ಮುಗಿಯಿತು ಎನ್ನುವುದು ಜೆರಾಕ್ಸ್ ಅಂಗಡಿಯವನಿಗೂ ತಿಳಿಯುವಂತಿತ್ತು. ಆ ಅಲೆ ದೂರದಲ್ಲಿ ಕಾಣುತ್ತಲೂ ಇತ್ತು.

ಹಗ್ಗ ಠಪ್ ಎಂದು ಕಡಿದು ಹೋಯಿತು. ಹಿಂಬದಿ ಜಿಗಿದು ಮೇಲೆದ್ದಿತು. ಅಲೆ ದೋಣಿಯ ಕೆಳಗೆ ನುಸುಳಿ ಹೋಯಿತು. ಡ್ರೈವರ್ ಮತ್ತೆ ಜಗ್ಗಿದಾಗ ಎಂಜಿನ್ ಹೊತ್ತಿಕೊಂಡಿತು. ಹೋದ ಜೀವ ಒಬ್ಬೊಬ್ಬರದಾಗಿ ಮರಳಿ ಬಂತು.

ವಾಪಸ್ ಬರುವಾಗ ಭಾವ ಎಂಜಿನ್ ಹಿಡಿ ಕೇಳಲಿಲ್ಲ. ನಡುವಿನ ಹಲಗೆಯ ಮೇಲೆ ಕೂತರು. ಬಲಗೈ ತೊಡೆಯ ಮೇಲಿತ್ತು, ಎಲ್ಲರ ಎದುರಿಗೆ, ತನ್ನ ಪಾಡಿಗೆ ನಡುಗುತ್ತ.

"ಭಾವ, ನಾನು ಹಾಗೆ ನೋಡ್ತಾ ಕೂತಿರಲಿಲ್ಲ ಅಂದ್ರೆ..." ಎಂದು ಬಾಮೈದ ಶುರುಮಾಡಿದ.

"ಮುಂದೆ ಹೋಗಿ ಬಿದ್ದಿರ್ತಿದ್ದೆ," ಎಂದರು ಭಾವ. ಆಮೇಲೆ, "ನಾಲ್ಕು ಜನ ಇದ್ರಿ. ಆ ಹಗ್ಗ ನಾನು ಅಲ್ಲಿ ಕಟ್ಟಬಾರದಿತ್ತು," ಎಂದರು. ಲೆಕ್ಕ ಮಾಡಿದರೆ ಉಳಿದವರು ಮೂವರೇ. ನಾಲ್ಕನೆಯದಾಗಿ ತಮ್ಮನ್ನೇ ಸೇರಿಸಿಕೊಂಡರೋ, ಮನೆಯಲ್ಲಿ ಕಾಯುವವಳನ್ನು ಸೇರಿಸಿದರೋ, ಬಾಮೈದ ಕೇಳಲಿಲ್ಲ.

ಸಂಜೆ ಬಿಸಿಲಿರುವಾಗಲೇ ಮನೆ ಮುಟ್ಟಿದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒದ್ದೆ ಬಟ್ಟೆ ನೋಡಿದಳು, ಖಾಲಿ ಚೀಲ ನೋಡಿದಳು. ಟವೆಲು ತಂದು ಒಬ್ಬೊಬ್ಬರ ಹೆಗಲಿಗೆ ಎಸೆದು, ತಮ್ಮನ ಕಡೆ ತಿರುಗಿದಳು.

"ಹೇಳು. ಹೇಗಿತ್ತು?"

ದಾರಿಯುದ್ದಕ್ಕೂ ಬಾಮೈದ ಈ ಉತ್ತರವನ್ನು ಕಟ್ಟಿಕೊಂಡೇ ಬಂದಿದ್ದ. ಜೀವಮಾನದಲ್ಲಿ ಒಮ್ಮೆಯಾದರೂ ಭಾವನಿಗೆ ಉಪಕಾರ ಮಾಡುವ ಅವಕಾಶ. "ಏನೂ ತೊಂದರೆ ಇಲ್ಲಕ್ಕ. ಭಾವನ ಕೈ ಬಂಡೆ ಇದ್ದ ಹಾಗಿದೆ. ಸ್ವಲ್ಪ ಅಲೆ ಇತ್ತು, ಅಷ್ಟೆ. ಇನ್ನೂ ಹತ್ತು ವರ್ಷ ಆರಾಮಾಗಿ ಹೋಗ್ಬಹುದು," ಎಂದು ಒಂದೇ ಉಸಿರಿಗೆ ಒಪ್ಪಿಸಿದ.

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಲ್ಲು ಕಟಕಟ ಎನ್ನುತ್ತಿರುವ ಸಾಕ್ಷಿಯನ್ನು ಯಾವ ಕೋರ್ಟೂ ನಂಬುವುದಿಲ್ಲ. ಗಂಡನ ಕಡೆ ತಿರುಗಿದಳು. ಅವಳ ದನಿ ಈಗ ಸಣ್ಣದಾಗಿತ್ತು.

"ರೀ, ನೀವೇ ಹೇಳಿ. ದೋಣಿ ಏನು ಮಾಡೋಣ?"

ಭಾವ ಟವೆಲಿನಿಂದ ತಲೆ ಒರೆಸಿಕೊಂಡರು, ಎಡಗೈಯಲ್ಲಿ, ನಿಧಾನವಾಗಿ.

"ಮಾರ್ಬಿಡು. ತಗೊಳ್ಳೋರು ಲಂಗರು ಎಲ್ಲಿ ಅಂತ ಕೇಳಿದ್ರೆ, ಸಮುದ್ರದಲ್ಲೇ ಇಟ್ಟಿದೀವಿ, ಹೋದಾಗ ತಗೊಳ್ಳಿ ಅನ್ನು."