ಹಗಲಲ್ಲಿ ಉರಿದ ಝೀರೋ ಬಲ್ಬು

ಅವರ ಮಣಿಕಟ್ಟಿನ ಒಳಬದಿಯಲ್ಲಿ ಅರ್ಧಚಂದ್ರದ ಹಾಗೆ ಒಂದು ಸುಟ್ಟ ಕಲೆಯಿತ್ತು. ಎಡಗೈ ಎಂದು ನನ್ನ ನೆನಪು. ಅವರ ಮಗಳು ಬಲಗೈ ಎನ್ನುತ್ತಾಳೆ. ನೆನಪನ್ನು ಸಾಕ್ಷಿಯೆಂದು ಒಪ್ಪಬಾರದೆಂದು ವಿಶ್ವವಿದ್ಯಾಲಯ ನನಗೆ ಕಲಿಸಿದೆ. ಕಲೆ ಇದ್ದದ್ದಂತೂ ನಿಜ. ಹಾವಿನ ಪೆಟ್ಟಿಗೆಗೆಂದು ತಂದ ಬಲ್ಬಿನ ಬಿಸಿಯನ್ನು, ಮಗುವಿನ ಹಾಲಿನ ಬಿಸಿ ನೋಡುವಂತೆ ಮಣಿಕಟ್ಟಿನಿಂದ ನೋಡಲು ಹೋಗಿ ಆದದ್ದು ಅದು.

ನೈರೋಬಿಯ ಹೈರಿಡ್ಜ್‌ನಲ್ಲಿ ನನ್ನ ಮೇಲಿನ ಮನೆ ಅವರದು. ಮೈಸೂರಿನವರು, ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಯ ಪುಡಿ ಒಣಗಿಸುವ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಸಂಶೋಧನೆಯ ಕೆಲಸದಲ್ಲಿದ್ದ ನನ್ನನ್ನು 'ಡಾಕ್ಟ್ರೇ' ಎಂದು ಸ್ವಲ್ಪ ಕುಹಕದಿಂದಲೇ ಕರೆಯುತ್ತಿದ್ದರು. ಯಾವ ಚರ್ಚೆ ಎದ್ದರೂ ಅವರದು ಒಂದೇ ಮಾತು: "ಮೊದ್ಲು ಅಳೀರಿ, ಆಮೇಲೆ ಮಾತಾಡಿ."

ಹಾವು ಮಗಳದು, ಪುಟ್ಟ ಜಾತಿಯ ಹೆಬ್ಬಾವು. ಸಾಕಲು ಒಪ್ಪಿದವರು, ಪರವಾನಗಿಗೆ ಅಲೆದವರು, ಹಾಲ್‌ನ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಡಿಸಿದವರು ಅವಳ ತಾಯಿ. ಇವರು ಆ ಮೂಲೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಆಮೇಲೆ ತಾಯಿ ತೀರಿಕೊಂಡರು. ಅದೇ ಮೂಲೆಯ ಗೋಡೆಗೆ ಅವರ ಫೋಟೊ ಬಂತು, ಅದರ ಮುಂದೆ ಒಂದು ಕೆಂಪು ಝೀರೋ ಬಲ್ಬು. ವರ್ಷ ತುಂಬುವವರೆಗೆ ಆ ದೀಪ ಆರಕೂಡದೆಂದು ಊರಿನಿಂದ ಇವರ ಅಕ್ಕ ಫೋನಿನಲ್ಲಿ ಹೇಳಿದ್ದರು. ಕರೆಂಟು ಹೋದರೂ ಉರಿಯಲೆಂದು ಇವರು ಅದನ್ನು ಇನ್ವರ್ಟರಿಗೆ ಜೋಡಿಸಿದರು.

ಮಗಳು ಮಾತು ಕಡಿಮೆ ಮಾಡಿದಳು, ಆಮೇಲೆ ಬಿಟ್ಟೇಬಿಟ್ಟಳು. ಶಾಲೆಯಿಂದ ಬಂದು ಪೆಟ್ಟಿಗೆಯ ಮುಂದೆ ಕೂತರೆ ಊಟಕ್ಕೇ ಏಳುವುದು. ಅಲ್ಲಿನ ಜುಲೈ ಚಳಿಗೆ ಹಾವು ಕೂಡ ಇಲಿ ಮುಟ್ಟುವುದನ್ನು ನಿಲ್ಲಿಸಿತು.

"ಡಾಕ್ಟ್ರೇ, ಇದೂ ಹೋದ್ರೆ ಅವಳು ನನ್ನ ಜೊತೆ ಇನ್ಯಾವತ್ತೂ ಮಾತಾಡಲ್ಲ," ಎಂದರು ಮೆಟ್ಟಿಲ ಮೇಲೆ ನಿಂತು.

ಇಬ್ಬರೂ ಮಟಾಟು ವ್ಯಾನು ಹತ್ತಿ ಪೇಟೆಗೆ ಹೋದೆವು. ಬಲ್ಬು ಯಾತಕ್ಕೆಂದು ಅಂಗಡಿಯವನು ಕೇಳಿದಾಗ ಇವರ ಬಾಯಿಂದ ಹಾವು ಎಂಬ ಮಾತು ಹೊರಡಲಿಲ್ಲ. ಅವನೇ "ಕುಕು?" ಎಂದ, ಕೋಳಿಗಾ ಎಂದು. ಇವರು ತಲೆಯಾಡಿಸಿದರು. ಹಾಗೆ ಕೋಳಿಮರಿ ಕಾಯಿಸುವ ಕೆಂಪು ಬಲ್ಬು ಮನೆಗೆ ಬಂತು, ಮಣಿಕಟ್ಟು ಸುಟ್ಟಿತು. ಹಾವು ತಾಳಲಾರದೆ ನೀರಿನ ಬೋಗುಣಿಯೊಳಗೆ ಸುತ್ತಿಕೊಂಡಿತು.

ಮಗಳು ಪಶುವೈದ್ಯರನ್ನು ಕೇಳಿ ಬಂದಳು. ಬಿಸಿಯೇ ಬೇರೆ, ಬೆಳಕೇ ಬೇರೆ. ಬಿಸಿ ಪೆಟ್ಟಿಗೆಯ ಒಂದು ತುದಿಗೆ ಕೆಳಗಿನಿಂದ ಬರಬೇಕು, ಇನ್ನೊಂದು ತುದಿ ತಣ್ಣಗಿರಬೇಕು. ಬೆಳಕು ಹಗಲಿಗೆ ಸಾಕು, ರಾತ್ರಿ ಪೂರ್ತಿ ಕತ್ತಲೆ ಬೇಕು. ಇದು ಇವರಿಗೆ ಅರ್ಥವಾಗುವ ಭಾಷೆ. ಪೆಟ್ಟಿಗೆಯ ತಳಕ್ಕೆ ಹಾಸುವ ಬಿಸಿ ಚಾಪೆ, ಶಾಖ ಹೆಚ್ಚಿದರೆ ಅದನ್ನು ನಿಲ್ಲಿಸುವ ಥರ್ಮೋಸ್ಟಾಟ್ ತಂದರು. ಎರಡೂ ತುದಿಗೆ ಥರ್ಮಾಮೀಟರ್ ಅಂಟಿಸಿ, ಕೆಲಸದಿಂದ ಬಂದವರೇ ಅದರ ಮುಂದೆ ಕೂರುತ್ತಿದ್ದರು. ಹಾವಿಗೆ ಅವರು ಮುಖ ಮಾಡಿ ಕೂತದ್ದು ಆಗಲೇ. ಆದರೂ ಅದು ತಿನ್ನಲಿಲ್ಲ.

ಕತ್ತಲೆ ಎಲ್ಲಿತ್ತು? ಫೋಟೊದ ಬಲ್ಬು ರಾತ್ರಿಯಿಡೀ ಗಾಜನ್ನು ಕೆಂಪಾಗಿಸುತ್ತಿತ್ತು. ಬಟ್ಟೆ ಮುಚ್ಚಿ ನೋಡಿದರು, ಗಾಳಿ ಕಟ್ಟಿ ಗಾಜು ಬೆವರಿತು. ಪೆಟ್ಟಿಗೆ ಸರಿಸೋಣವೆಂದರೆ ಬಿಸಿ ಚಾಪೆಗೆ ಬೇಕಾದ ಇನ್ವರ್ಟರಿನ ತಂತಿ ಆ ಮೂಲೆಗೆ ಮಾತ್ರ. ಫೋಟೊವನ್ನು ಒಳಕೋಣೆಗೆ ಒಯ್ಯಬಹುದಲ್ಲ ಎಂದೆ ನಾನು.

"ಇದ್ದಾಗ್ಲೇ ಅವಳು ಒಳಗೆ ಕೂತೋಳಲ್ಲ," ಎಂದರು.

ಆ ಸಂಜೆ ಮಗಳು ಬಲ್ಬನ್ನೇ ನೋಡುತ್ತ, "ಅಮ್ಮ ವುಡಂಟ್ ಮೈಂಡ್, ಅಪ್ಪ," ಎಂದಳು. ತಿಂಗಳುಗಳ ಮೇಲೆ ಅವಳಾಡಿದ ಮೊದಲ ಮಾತು ಅದೆಂದು ಬರೆಯಲು ಆಸೆಯಾಗುತ್ತದೆ. ಆದರೆ ವೈದ್ಯರು ಹೇಳಿದ್ದನ್ನು ತಿಳಿಸಿದವಳೂ ಅವಳೇ ತಾನೆ? ಮೊದಲನೆಯದಾಗಿರಲಾರದು. ಅವರು ಸ್ವಿಚ್ಚಿನವರೆಗೆ ಹೋದರು, ಹಿಂದಕ್ಕೆ ಬಂದು ಕೂತರು.

"ನೀನೇ ಶಾಂತ ಮಾಡಮ್ಮ. ನನ್ನ ಕೈಲಾಗಲ್ಲ."

ಮಗಳು ಆರಿಸಿದಳು. ಬೆಳಗಾದ ಮೇಲೆ ಅವರು ಹಾಕಿದರು. ನೈರೋಬಿಯಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕತ್ತಲಾಗುತ್ತದೆ; ನಮ್ಮವರ ಮನೆಗಳಲ್ಲಿ ದೇವರ ದೀಪ ಹಚ್ಚುವ ಆ ಹೊತ್ತಿಗೆ ಅವರ ಹಾಲ್‌ನಲ್ಲಿ ದೀಪ ಆರುತ್ತಿತ್ತು. ಅಪ್ಪ ಮಗಳು ಅಡುಗೆಮನೆಗೆ ಹೋಗಿ ಕೂರುತ್ತಿದ್ದರು. ನನ್ನ ಮನೆಯ ಸೂರಿನ ಮೇಲೆ ಅವರ ಕುರ್ಚಿ ಎಳೆದ ಸದ್ದು, ಆಮೇಲೆ ಮಾತಿನ ಗುನುಗು ಕೇಳುತ್ತಿತ್ತು. ಊರಿನ ಅಕ್ಕನಿಗೆ ಅವರು ಕೊನೆಗೂ ಹೇಳಲಿಲ್ಲ.

ಹಾವು ಮರುದಿನವೇ ತಿಂದಿತೆಂದು ನನ್ನ ನೆನಪು; ವಾರಗಳೇ ಹಿಡಿದವು ಎನ್ನುತ್ತಾಳೆ ಮಗಳು. ಚಳಿ ಕಳೆದದ್ದರಿಂದ ತಿಂದಿರಬಹುದು, ಬಲ್ಬಿಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ ಎಂದು ಅವರಿಗೆ ಹೇಳಿದೆ.

"ಇರಬಹುದು ಡಾಕ್ಟ್ರೇ. ಮತ್ತೆ ಬಲ್ಬು ಹಾಕಿ ಅಳೆಯೋ ಧೈರ್ಯ ನನಗಿಲ್ಲ."

ಕೆಲವು ವರ್ಷಗಳ ಮೇಲೆ ಕಾರ್ಖಾನೆಯಲ್ಲೇ ಎದೆನೋವು ಬಂದು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಹಾಲ್ ತುಂಬ ಕನ್ನಡದವರು. ಗೋಡೆಯ ಮೇಲೆ ಈಗ ಎರಡು ಫೋಟೊ, ಎರಡು ಬಲ್ಬು. ಕೆಳಗೆ ಅದೇ ಪೆಟ್ಟಿಗೆ. ಹೊತ್ತು ಮುಳುಗುತ್ತಲೇ ಮಗಳು ಎದ್ದು ಎರಡನ್ನೂ ಆರಿಸಿದಳು.

"ದೀಪ ಹಚ್ಚೋ ಹೊತ್ತಲ್ಲಿ ಇದೇನಮ್ಮ ಮಾಡ್ತಿದೀಯ?" ಎಂದರು ಹಿರಿಯರೊಬ್ಬರು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಕನ್ನಡದಲ್ಲಿ, "ಅಪ್ಪ ನನ್ನ ಕೈಲೇ ಮಾಡಿಸ್ತಿದ್ರು," ಎಂದಳು.

ಯಾರೂ ಸ್ವಿಚ್ಚಿನ ಕಡೆ ಕೈ ಚಾಚಲಿಲ್ಲ. ಬಂದವರೆಲ್ಲ ಕತ್ತಲಾಗುವುದನ್ನು ನೋಡುತ್ತ ಹಾಗೇ ಕೂತಿದ್ದರು. ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ.